ಪೇಟೆ ಧಾರಣೆ

ಸಂಜೆ ಆರೂವರೆಗೆ ಬರುತ್ತಿದ್ದರು ಧರಣೇಂದ್ರಯ್ಯ,
ಸೈಕಲ್ಲಿನ ಕ್ಯಾರಿಯರಿಗೆ ದಿನದ ಬೆಲೆಗಳನ್ನು ಕಟ್ಟಿಕೊಂಡು:
ಆಲೂಗಡ್ಡೆ, ಶುಂಠಿ, ಕೊಬ್ಬರಿ, ರಾಗಿ.
ಜೇಬಿನಿಂದ ಮಣ್ಣು ಮೆತ್ತಿದ ಗಡ್ಡೆಯೊಂದನ್ನು ತೆಗೆದು
"ಮೆಹರುನ್ನಿಸಾ, ಇವತ್ತಿನ ಸುದ್ದಿ ಇದು.
ಮುಖಪುಟದ್ದೆಲ್ಲ ಇದರ ಸಿಪ್ಪೆ."

ಹೊಸಲೈನ್ ರಸ್ತೆಯ ಆ ಪತ್ರಿಕೆಯಲ್ಲಿ
ನಾನು ಮೊಳೆ ಜೋಡಿಸುವವಳು.
ಮೂರನೇ ಪುಟದಲ್ಲಿ, ಶ್ರದ್ಧಾಂಜಲಿಗೂ ಸಿನಿಮಾಕ್ಕೂ ನಡುವೆ,
ಅಂಗೈಯಗಲ ಜಾಗ ಅವರದು.

ಎಂಬತ್ತಾರು. ಗೌರಿ ಹಬ್ಬದ ಹಿಂದಿನ ವಾರ.
ನನ್ನ ಬೆರಳು ಎಡವಿತು:
೧೧೫ ಎಂದಿದ್ದದ್ದು ೧೫೧ ಆಗಿ ಅಚ್ಚಾಯಿತು.
ಬೆಳಗಾದರೆ ದುದ್ದ, ಶಾಂತಿಗ್ರಾಮ, ಆಲೂರಿನ ಗಾಡಿಗಳೆಲ್ಲ
ಮಂಡಿಯ ಬಾಗಿಲಲ್ಲಿ.
ಒಬ್ಬನಂತೂ ರಾತ್ರೋರಾತ್ರಿ ಎಳೆಗಡ್ಡೆಯನ್ನೇ ಕಿತ್ತು ತಂದಿದ್ದ,
ಹೆಬ್ಬೆರಳಲ್ಲಿ ಉಜ್ಜಿದರೆ ಸುಲಿದು ಬರುವಂಥದ್ದು.

ಧರಣೇಂದ್ರಯ್ಯ ತಕ್ಕಡಿ ಕಟ್ಟೆ ಹತ್ತಿ
"ತಪ್ಪು ನನ್ನದು" ಎಂದರು. ನನ್ನ ಹೆಸರೆತ್ತಲಿಲ್ಲ.
ಯಾರೋ ಎಸೆದ ಗಡ್ಡೆ ಕನ್ನಡಕಕ್ಕೆ ತಾಗಿತು.
ಸಂಜೆ ಅದನ್ನೇ ತಂದು ನನ್ನ ಮೊಳೆಪೆಟ್ಟಿಗೆಯ ಮೇಲಿಟ್ಟು,
ಒಡೆದ ಗಾಜಿನೊಳಗಿಂದ ನೋಡುತ್ತ ಅಂದರು:
"ಅಂಕಿಯನ್ನು ಎರಡು ಸಲ ಓದಮ್ಮ.
ಒಮ್ಮೆ ಕಣ್ಣಲ್ಲಿ,
ಒಮ್ಮೆ ಗಾಡಿ ಹೊಡೆಯುವವನ ಕಿವಿಯಲ್ಲಿ."

ಆಮೇಲೆ ಷೇರಿನ ಕಾಲ ಬಂತು.
ಬಿ.ಎಂ. ರಸ್ತೆಯ ಜೆರಾಕ್ಸ್ ಅಂಗಡಿಯ ಮುಂದೆ
ಮೇಷ್ಟ್ರು, ನರ್ಸು, ಕಂಡಕ್ಟರು, ಅರ್ಜಿ ಫಾರಮ್ಮಿಗೆ ಸಾಲು.
ಅವರಿಗೆಂದೇ ನೂರಾ ನಾಲ್ಕು ಪುಟದ ಪುಸ್ತಕ ಬರೆದರು:
"ಕೊಂಡದ್ದನ್ನು ದಿನಾ ಇಣುಕಬೇಡಿ.
ನಮ್ಮ ಹಾಸನಾಂಬೆಯ ಗುಡಿಯ ಹಾಗೆ
ವರ್ಷಕ್ಕೊಮ್ಮೆ ಬಾಗಿಲು ತೆಗೆಯಿರಿ.
ದೀಪ ಉರಿಯುತ್ತಿದ್ದರೆ ಮತ್ತೆ ಮುಚ್ಚಿ.
ಆರಿದ್ದರೆ, ಎಣ್ಣೆಗೆಂದು ಸಾಲ ಮಾಡಬೇಡಿ."

ಬಸ್ ಸ್ಟ್ಯಾಂಡಿನಲ್ಲಿ ಕಡಲೆಕಾಯಿಯ ಪಕ್ಕ ಮಾರಾಟವಾಯಿತು,
ಏಳು ಮುದ್ರಣ.
ಬೆಳಗೊಳದಿಂದ ಬಂದ ಅವರಮ್ಮ ಪುಟ ಮಗುಚಿ ನಕ್ಕರು:
"ಮೈಮೇಲೆ ನೂಲೂ ಇಲ್ಲದೆ ನಿಂತವನ ಊರಲ್ಲಿ ಹುಟ್ಟಿ
ಆಸ್ತಿಯ ಮೇಲೆ ಬರೆದೆಯೇನೋ?"
"ಕೊನೆಗೆ 'ಎಷ್ಟು ಸಾಕು' ಅಂತ ಒಂದು ಅಧ್ಯಾಯ ಇದೆಯಮ್ಮ.
ಅದನ್ನ ಯಾರೂ ಓದಲ್ಲ."

ತೊಂಬತ್ತಾರರಲ್ಲಿ ತೇಗದ ಕಂಪನಿ ಬಂತು.
ಇಂದು ಸಾವಿರ, ಇಪ್ಪತ್ತು ವರ್ಷಕ್ಕೆ ಲಕ್ಷ,
ಮುಖಪುಟದ ತುಂಬ ಹಸಿರು ಜಾಹೀರಾತು.
ಧರಣೇಂದ್ರಯ್ಯ ಬಸ್ಸಿಳಿದು, ನಾಲ್ಕು ಮೈಲಿ ನಡೆದು,
ಸಸಿಗಳನ್ನು ಒಂದೊಂದಾಗಿ ಎಣಿಸಿ ಬಂದರು.
ನಾನೂರ ಹನ್ನೊಂದು.
ಮಾರಿದ ಸರ್ಟಿಫಿಕೇಟು ಒಂಬತ್ತು ಸಾವಿರ.
ಆ ಲೇಖನ ಮಾಲೀಕರ ಮೇಜಿನ ಡ್ರಾಯರಿನೊಳಗೇ ಉಳಿಯಿತು.

ಅಷ್ಟರಲ್ಲಿ ಮೊಳೆ ಹೋಗಿ ಕೀಲಿಮಣೆ ಬಂದಿತ್ತು.
ಆ ರಾತ್ರಿ ಧಾರಣೆಯ ಚೀಟಿ ಕೊಟ್ಟು ಅವರು ಸುಮ್ಮನೆ ಕೂತರು.
ಆಲೂಗಡ್ಡೆ, ಶುಂಠಿ, ಕೊಬ್ಬರಿ, ರಾಗಿ,
ಅದರ ಕೆಳಗೆ ಹೊಸದೊಂದು ಸಾಲು:
ತೇಗ. ಆವಕ ಇಲ್ಲ. ಧಾರಣೆ ಇಲ್ಲ.
ಓದಿದೆ. ಇನ್ನೊಮ್ಮೆ ಓದಿದೆ.
ಏನೂ ಕೇಳದೆ ಹಾಗೇ ಕುಟ್ಟಿದೆ.

ಹನ್ನೊಂದು ದಿನ ಆ ಸಾಲು ಬಂತು.
ಮಾಲೀಕರ ಕಣ್ಣಿಗೆ ಬಿದ್ದದ್ದು ಹನ್ನೆರಡನೆಯ ದಿನ.
ಅವರು ಪೆನ್ನು, ಛತ್ರಿ, ಆ ಹಳೇ ಕನ್ನಡಕ ಎತ್ತಿಕೊಂಡು ಹೊರಟರು.
ನನ್ನನ್ನು ಉಳಿಸಿಕೊಂಡರು,
ಕುಟ್ಟುವವಳಿಗೆ ಅರ್ಥವಾಗಿರಲಾರದು ಎಂದುಕೊಂಡು.

ಕಂಪನಿ ಓಡಿಹೋದ ಮೇಲೆ ಕೆಲವರು ಅವರ ಮನೆಗೆ ಹೋಗಿ ಕೈಮುಗಿದರಂತೆ.
ಆದರೆ ಸೂಲಗಿತ್ತಿ ಚೌಡಮ್ಮ ಮುಗಿಯಲಿಲ್ಲ:
"ಅಷ್ಟು ಸಣ್ಣ ಅಕ್ಷರದಲ್ಲಿ ಕೂಗಿದರೆ
ನನ್ನಂಥವಳಿಗೆ ಕೇಳತ್ತಾ ಸ್ವಾಮಿ?"
ಇದಕ್ಕೆ ಅವರಲ್ಲಿ ಉತ್ತರವಿರಲಿಲ್ಲ.
ಎಂಟನೇ ಮುದ್ರಣ ಬೇಡವೆಂದರು.

ಹೋದ ತಿಂಗಳು, ನಿವೃತ್ತಳಾದ ನನ್ನನ್ನು ಹುಡುಗರು ಫೋನಿನಲ್ಲಿ ಕೇಳಿದರು,
ಅವರ ವಯಸ್ಸು ಎಪ್ಪತ್ತೊಂಬತ್ತೋ ತೊಂಬತ್ತೇಳೋ ಎಂದು.
ನಾನೇ ಹೋಗಿ ಪರದೆಯ ಮುಂದೆ ಕೂತೆ.
ಮೂರನೇ ಪುಟ, ಅದೇ ಮೂಲೆ. ೭೯.
ಎರಡು ಸಲ ಓದಿದೆ.
ಕೆಳಗೆ ಆ ದಿನದ ಆಲೂಗಡ್ಡೆ:
ಆವಕ ಸಾಧಾರಣ.